ಗಾರೆ ತೆಳುವಾದಂತೆ ದಾರ ಬಿಗಿಯಾಯಿತು

ಕೊಪ್ಪಳ ಜಿಲ್ಲೆಯ ಗಿಣಿಗೇರಾ ಸೀಮೆಯ ಹಳೆಯ ಮನೆಗಳದು ಕೆಸರಿನಲ್ಲಿ ಕೂಡಿಸಿದ ಕಲ್ಲುಗೋಡೆ. ಹತ್ತಿರದ ಮುನಿರಾಬಾದಿನಲ್ಲಿ ಸುರ್ಕಿ ಗಾರೆಯ ತುಂಗಭದ್ರಾ ಅಣೆಕಟ್ಟು. ಉಕ್ಕಿನ ಕಾರ್ಖಾನೆಗಳು ಬಂದ ಮೇಲೆ ಎದ್ದದ್ದು ಸಿಮೆಂಟ್ ಬ್ಲಾಕಿನ ಕಟ್ಟಡಗಳು. ಮೂರರಲ್ಲೂ ಗೌಂಡಿ ಕಲ್ಲಿಗೆ ಕೈ ಹಚ್ಚುವ ಮುನ್ನ ದಾರ ಕಟ್ಟಲೇಬೇಕು. ಆದರೆ ಒಂದಕ್ಕೆ ಒಪ್ಪುವ ದಾರ ಇನ್ನೊಂದಕ್ಕೆ ಒಪ್ಪುವುದಿಲ್ಲ. ಸಂದಿನಲ್ಲಿ ತುಂಬುವ ಗಾರೆ ದಪ್ಪವಿದ್ದರೆ ದಾರದ ತಪ್ಪು ಅದರಲ್ಲೇ ಮುಚ್ಚಿಹೋಗುತ್ತದೆ. ಗಾರೆ ತೆಳುವಾದರೆ ಅದೇ ತಪ್ಪು ಗೋಡೆಯ ಮೇಲೆ ಎದ್ದು ಕಾಣುತ್ತದೆ. ಗೋಡೆದಾರದ ಇತಿಹಾಸವನ್ನು ಈ ದಪ್ಪದ ಲೆಕ್ಕದಲ್ಲೇ ಓದಬಹುದು.

ಹಗ್ಗ ಮತ್ತು ಗೂಟ

ಇಟ್ಟಂಗಿ ಮತ್ತು ಹಗ್ಗದ ನಂಟಿಗೆ ನಮ್ಮಲ್ಲಿ ಸಿಗುವ ಹಳೆಯ ಬರಹಗಳಲ್ಲಿ ಶುಲ್ಬಸೂತ್ರಗಳು ಮುಖ್ಯ. ಯಜ್ಞವೇದಿಗೆ ಇಟ್ಟಂಗಿ ಜೋಡಿಸುವ ಮೊದಲು ಹಗ್ಗ ಮತ್ತು ಗೂಟಗಳಿಂದ ನೆಲದ ಮೇಲೆ ಮೂಲೆ ಹಿಡಿಯುವ ಕ್ರಮವನ್ನು ಅವು ಹೇಳುತ್ತವೆ. ಕರ್ಣದ ನಿಯಮವನ್ನು ಬೌಧಾಯನ ಸ್ಪಷ್ಟವಾಗಿ ಕೊಟ್ಟಿದ್ದಾನೆ. ಇಂದಿಗೂ ಪಾಯಾ ಹಾಕುವಾಗ 3 ಅಡಿ, 4 ಅಡಿ ಗುರುತು ಮಾಡಿ ಕರ್ಣ 5 ಅಡಿ ಬಂತೇ ಎಂದು ನೋಡುವ ಗೌಂಡಿ ಆ ನಿಯಮವನ್ನೇ ಬಳಸುತ್ತಿದ್ದಾನೆ. ಮಯಮತ, ಮಾನಸಾರದಂಥ ಶಿಲ್ಪಗ್ರಂಥಗಳು ನಾಲ್ಕು ಬಗೆಯ ಕುಶಲಕರ್ಮಿಗಳಲ್ಲಿ ಸೂತ್ರ ಹಿಡಿಯುವವನಿಗೆ ಸ್ಥಪತಿಯ ನಂತರದ ಸ್ಥಾನ ಕೊಟ್ಟಿವೆ.

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯ 1112ರದು. ಚಾಲುಕ್ಯರ ಇಂಥ ಗುಡಿಗಳಲ್ಲಿ ಕಲ್ಲಿಗೆ ಕಲ್ಲು ಗಾರೆಯಿಲ್ಲದೆ ಕೂಡುತ್ತದೆ. ಅಲ್ಲಿ ದಾರ ಗುರುತಿಗಷ್ಟೇ ಸಾಕು, ಕೊನೆಯ ನಿಖರತೆ ಬರುವುದು ಕಲ್ಲುಕುಟಿಗನ ಉಳಿಯಿಂದ. ವಿಜಯನಗರದ ಗೋಪುರಗಳಲ್ಲಿ ರೀತಿ ಬೇರೆ: ಕೆಳಗೆ ಕಣಶಿಲೆ, ಮೇಲೆ ಇಟ್ಟಂಗಿ ಮತ್ತು ಸುಣ್ಣ. ಮೇಲೆ ದಪ್ಪ ಗಾರೆಯ ಹೊದಿಕೆ ಬರುವುದರಿಂದ ವರಸೆ ಬೆರಳಗಲ ಅತ್ತಿತ್ತ ಸರಿದರೂ ನಡೆಯುತ್ತಿತ್ತು.

ನಾರಿನ ತೊಂದರೆ

ಪುಂಡಿ ನಾರು, ಸೆಣಬು, ಹತ್ತಿ ನೂಲು ಈ ಕೆಲಸಕ್ಕೆ ಬಹುಕಾಲ ಒದಗಿದವು. ಅವುಗಳ ದೋಷ ನೀರಿನಲ್ಲಿತ್ತು. ಹುರಿ ಮಾಡಿದ ನಾರು ನೀರು ಹೀರಿದರೆ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದರೆ ಸಡಿಲಗೊಳ್ಳುತ್ತದೆ. ಮುಂಜಾನೆ ಬಿಗಿಯಾಗಿದ್ದ ದಾರ ಮಧ್ಯಾಹ್ನದ ಬಿಸಿಲಿಗೆ ಜೋತುಬೀಳುತ್ತದೆ. ಕಲ್ಲುಕಟ್ಟಡದಲ್ಲಿ ಇದು ಅಷ್ಟು ಕಾಡಲಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನಂಥ ಕಲ್ಲುಕಟ್ಟಡದಲ್ಲಿ ಏರುತಗ್ಗನ್ನು ಗಾರೆಯೇ ನುಂಗುತ್ತದೆ.

ಅಳತೆ ಬಿಗಿಯಾದದ್ದು ಇಟ್ಟಂಗಿಯ ಗಾತ್ರ ಒಂದು ಹದಕ್ಕೆ ಬಂದಾಗ. ಭಾರತೀಯ ಮಾನಕದ ಇಟ್ಟಂಗಿ 190×90×90 ಮಿ.ಮೀ.; ಸಂದು 10 ಮಿ.ಮೀ. ಕೂಡಿದರೆ 200ರ ಲೆಕ್ಕ ಸರಿಹೊಂದುತ್ತದೆ. 1987ರ ಐಎಸ್ 1905 ಸಂಹಿತೆಯ ಪ್ರಕಾರ 12 ಮೀಟರ್ ಉದ್ದದಲ್ಲಿ ವರಸೆ 6 ಮಿ.ಮೀ.ಗಿಂತ ಹೆಚ್ಚು ಮಟ್ಟ ತಪ್ಪಬಾರದು. 1999ರಲ್ಲಿ ಕೇಂದ್ರ ಸರ್ಕಾರ ಉಷ್ಣ ವಿದ್ಯುತ್ ಸ್ಥಾವರಗಳ 50 ಕಿ.ಮೀ. ವ್ಯಾಪ್ತಿಯಲ್ಲಿ ಇಟ್ಟಂಗಿಗೆ ಹಾರುಬೂದಿ ಬೆರೆಸಬೇಕೆಂದು ಆದೇಶಿಸಿದ ಮೇಲೆ, ಯಂತ್ರದಲ್ಲಿ ಒತ್ತಿದ ಒಂದೇ ಅಳತೆಯ ಇಟ್ಟಂಗಿಗೆ ಬೇಡಿಕೆ ಕುದುರಿತು. ಇಟ್ಟಂಗಿ ಸೊಟ್ಟಗಿತ್ತು ಎಂಬ ನೆಪ ಇನ್ನು ನಡೆಯದಾಯಿತು.

ಜೋಲಿನ ಲೆಕ್ಕ

ಎರಡು ತುದಿಗೆ ಕಟ್ಟಿದ ಯಾವ ದಾರವೂ ಪೂರ್ತಿ ನೇರ ನಿಲ್ಲದು. ಉದ್ದ ಇಮ್ಮಡಿಯಾದರೆ ಜೋಲು ನಾಲ್ಕು ಪಟ್ಟು. ಎಳೆತ ಇಮ್ಮಡಿಯಾದರೆ ಜೋಲು ಅರ್ಧ. ಮೀಟರಿಗೆ 4 ಗ್ರಾಂ ತೂಗುವ ದಾರವನ್ನು 3 ಕಿಲೋ ಎಳೆತದಲ್ಲಿ 12 ಮೀಟರ್ ಕಟ್ಟಿದರೆ ನಡುವೆ 24 ಮಿ.ಮೀ. ಇಳಿಯುತ್ತದೆ, ಅಂದರೆ ಸಂಹಿತೆಯ ಮಿತಿಯ ನಾಲ್ಕು ಪಟ್ಟು. ಮೀಟರಿಗೆ 1 ಗ್ರಾಂ ತೂಗುವ ದಾರವನ್ನು 6 ಕಿಲೋ ಎಳೆತದಲ್ಲಿ ಕಟ್ಟಿದರೆ ಇಳಿತ 3 ಮಿ.ಮೀ. ಮಾತ್ರ. ಉದ್ದದ ಗೋಡೆಯಲ್ಲಿ ನಡುವೆ ಒಂದು ಇಟ್ಟಂಗಿಯನ್ನು ಮಟ್ಟ ನೋಡಿ ಕೂಡಿಸಿ ಅದರ ಮೇಲೆ ದಾರಕ್ಕೆ ಆಸರೆ ಕೊಡುವ ರೂಢಿಯ ಹಿಂದಿರುವುದೂ ಇದೇ ಲೆಕ್ಕ: ಉದ್ದ ಅರ್ಧವಾದರೆ ಜೋಲು ಕಾಲುಭಾಗಕ್ಕೆ ಇಳಿಯುತ್ತದೆ.

ಹಗುರ ಮತ್ತು ಗಟ್ಟಿ ಎರಡನ್ನೂ ಒಟ್ಟಿಗೆ ಕೊಟ್ಟದ್ದು ನೈಲಾನ್. ಅದು ಹಿಗ್ಗುತ್ತದೆ. ಗೂಟ ಕೂದಲೆಳೆ ಸರಿದರೂ ಬಿಗಿ ಉಳಿಯುವುದು ಅದರ ಗುಣ. ಹೊತ್ತು ಕಳೆದಂತೆ ಸಡಿಲುವುದು, ಮೊಳೆ ಕಿತ್ತುಬಂದರೆ ಕಣ್ಣಿಗೆ ಬಡಿಯುವುದು ಅದರ ದೋಷ. ಪಾಲಿಯೆಸ್ಟರ್ ಕಡಿಮೆ ಹಿಗ್ಗುತ್ತದೆ, ನೀರನ್ನೂ ಅಷ್ಟಾಗಿ ಹೀರದು. ಪಾಲಿಪ್ರೊಪಿಲೀನ್ ಅಗ್ಗ, ಆದರೆ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಕೊಪ್ಪಳದ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಹುರಿ ಹೊಸೆದ ದಾರ ತುದಿ ಬಿಟ್ಟರೆ ಬಿಚ್ಚಿಕೊಂಡು ಗಂಟಾಗುತ್ತದೆ. ಹೆಣೆದ ದಾರ ನುಣುಪಾಗಿ ಉಳಿಯುತ್ತದೆ. ಬೂದು ಬ್ಲಾಕಿನ ಮುಂದೆ ಹಳದಿ, ಗುಲಾಬಿಯಂಥ ಗಾಢ ಬಣ್ಣಗಳು ಕಣ್ಣಿಗೆ ಬೇಗ ಬೀಳುತ್ತವೆ.

ಮೂರು ಮಿಲಿಮೀಟರಿನ ಸಂದು

ಇತ್ತೀಚಿನ ಹಗುರ ಎಎಸಿ (ಗಾಳಿಗುಳ್ಳೆಯ ಕಾಂಕ್ರೀಟ್) ಬ್ಲಾಕುಗಳನ್ನು ಅಂಟುಗಾರೆಯಲ್ಲಿ ಕೂಡಿಸುವಾಗ ಸಂದು 2ರಿಂದ 3 ಮಿ.ಮೀ. ಮಾತ್ರ. 2 ಮಿ.ಮೀ. ದಪ್ಪದ ದಾರ ಕಟ್ಟಿದರೆ ಅದರ ಮೇಲಂಚು ಹಿಡಿಯಬೇಕೋ ಕೆಳಅಂಚೋ ಎಂಬುದೇ ತಪ್ಪಿಗೆ ದಾರಿ. ಇಲ್ಲಿ 1 ಮಿ.ಮೀ. ಆಸುಪಾಸಿನ ಹೆಣೆದ ದಾರವೇ ಸರಿ. ತೆಳುದಾರಕ್ಕೆ ಗಾಳಿಯ ಒತ್ತಡವೂ ಕಡಿಮೆ. ಬಯಲಿನ ಗಾಳಿಗೆ ದಪ್ಪದಾರ ಪಕ್ಕಕ್ಕೆ ಬಾಗಿದರೆ ಗೋಡೆಯ ಹೊಟ್ಟೆ ಮುಂದೆ ಬರುತ್ತದೆ. ಯಾವ ದಾರವಾದರೂ ಇಟ್ಟಂಗಿ ಅದಕ್ಕೆ ತಾಗಬಾರದು, ಒಂದು ಮಿ.ಮೀ.ನಷ್ಟು ಬೆಳಕು ನಡುವೆ ಕಾಣಬೇಕು. ಒಂದು ತಾಗಿ ದೂಡಿದರೆ ಅದರ ನಂತರದವೆಲ್ಲ ಆ ಸೊಟ್ಟಿಗೇ ಸಾಲುಗಟ್ಟುತ್ತವೆ.

ಲೇಸರ್ ಮಟ್ಟ ಬಂದಿದೆ. ಕೋಣೆಯೊಳಗೆ ಅದು ಚೆನ್ನು. ಹೊರಗೆ ನಡುಹಗಲಿನಲ್ಲಿ ಅದರ ಗೆರೆ ಕಣ್ಣಿಗೆ ಸಿಗುವುದು ಕಷ್ಟ. ಮೂಲೆಗಳಿಗೆ ಲೇಸರಿನಿಂದ ಮಟ್ಟ ಹಿಡಿದು ನಡುವಿನ ವರಸೆಗೆ ದಾರ ಎಳೆಯುವುದೇ ಸದ್ಯಕ್ಕೆ ಜಾಣ ಹೊಂದಾಣಿಕೆ.

ಉಳಿದಿರುವ ಕೊರತೆ ಕೊಳ್ಳುವ ರೀತಿಯಲ್ಲಿದೆ. ಸಿಮೆಂಟಿನ ದರ್ಜೆ, ಕಬ್ಬಿಣದ ಸರಳಿನ ವ್ಯಾಸ ಕೇಳಿ ತರುವ ಮನೆಯೊಡೆಯ ದಾರವನ್ನು ಬಣ್ಣ, ಬೆಲೆ ನೋಡಿ ತರುತ್ತಾನೆ. ಕೇಳಬೇಕಾದ್ದು ಮೂರೇ: ಮೀಟರಿಗೆ ಎಷ್ಟು ತೂಕ, ಎಳೆದರೆ ಎಷ್ಟು ಹಿಗ್ಗು, ಹೆಣೆದದ್ದೋ ಹೊಸೆದದ್ದೋ. ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ಹತ್ತು ಮೀಟರ್ ಅಳೆದು ತಕ್ಕಡಿಗೆ ಹಾಕಿದರಾಯಿತು. 10 ಗ್ರಾಂ ಸುಮಾರು ತೂಗಿದರೆ ಅದು ಬ್ಲಾಕಿನ ಗೋಡೆಗೂ ಆದೀತು, 40 ತೂಗಿದರೆ ಕಲ್ಲುಗೋಡೆಗೆ ಇರಲಿ.