ಗಾಲ್ಫ್ ದಾಂಡಿನ ಕಾವು

ಬೀಸು ಕೆಟ್ಟಿತೆಂದು ಗಾಲ್ಫ್ ದಾಂಡನ್ನು ಬದಲಿಸುವವರನ್ನು ನಾವು ಕಂಡೇ ಇದ್ದೇವೆ. ದಾಂಡು ಬದಲಾದುದರಿಂದ ಬೀಸೇ ಬದಲಾದ ಕಾಲವೂ ಒಂದುಂಟು. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಕೆಲಸಗಾರರು ದಾಂಡಿಗೆ ಅಮೆರಿಕೆಯ ಹಿಕರಿ ಮರದ ಕಾವನ್ನು ಹಾಕತೊಡಗಿದರು. ಈ ಮರವು ಬಾಗುವುದಲ್ಲದೆ ತಿರುಚಿಕೊಳ್ಳುವುದೂ ಉಂಟು. ಆತುರದಿಂದ ಬೀಸಿದರೆ ದಾಂಡಿನ ಮುಖ ಓರೆಯಾಗಿ ಚೆಂಡು ದಾರಿ ತಪ್ಪುವುದು. ಆದುದರಿಂದ ಅಂದಿನವರು ಮಣಿಕಟ್ಟಿನ ಹದವನ್ನು ನಂಬಿ ಸಾವಧಾನವಾಗಿ ಬೀಸುತ್ತಿದ್ದರು. ಒಂದು ಕಾವಿನಂತೆ ಇನ್ನೊಂದಿಲ್ಲ. ಒಂದೊಂದನ್ನೂ ಕೈಯಲ್ಲಿ ತೂಗಿ, ಅಲುಗಿಸಿ ನೋಡಿಯೇ ಆರಿಸಬೇಕಾಗಿದ್ದಿತು.

ಉಕ್ಕಿನ ಕಾವಿಗೆ ಅಮೆರಿಕೆಯಲ್ಲಿ 1924ರಲ್ಲಿಯೂ, ಸೇಂಟ್ ಆಂಡ್ರೂಸಿನ ಹಿರಿಯ ಸಂಸ್ಥೆಯಿಂದ 1929ರಲ್ಲಿಯೂ ಅನುಮತಿ ದೊರೆಯಿತು. ಉಕ್ಕು ಅಷ್ಟಾಗಿ ತಿರುಚದು, ಧೈರ್ಯವಾಗಿ ಹೊಡೆಯಬಹುದು. ಬೈರನ್ ನೆಲ್ಸನ್ನನು ಇದಕ್ಕೆ ತಕ್ಕಂತೆ ಕಾಲುಗಳ ಬಲವನ್ನು ಬೀಸಿಗೆ ಸೇರಿಸಿಕೊಂಡನು. ಆದರೂ 1930ರಲ್ಲಿ ಬಾಬಿ ಜೋನ್ಸನು ಅಂದಿನ ನಾಲ್ಕು ಮಹಾಸ್ಪರ್ಧೆಗಳನ್ನು ಗೆದ್ದುದು ಹಿಕರಿಯಿಂದಲೇ! ಅವನ ಬೀಸು ಆ ಮರದೊಡನೆ ಬೆಳೆದುದು.

ಬಿರುಸಾಗಿ ಬೀಸುವವನಿಗೆ ಬಿಗಿಯಾದ ಕಾವು, ನಿಧಾನಿಗೆ ಬಾಗುವ ಕಾವು ಎಂಬ ಲೆಕ್ಕವೇನೋ ಉಕ್ಕಿನ ಕಾಲಕ್ಕೂ ಉಳಿಯಿತು. ಆದರೆ ಹೊಡೆತಕ್ಕೊಂದು ದಾಂಡು ಕೊಳ್ಳುವ ಚಪಲ ಹೆಚ್ಚಿ, 20ಕ್ಕೂ ಮೇಲ್ಪಟ್ಟು ತರುವವರಾದರು, ಹೊರುವವನು ಬೇರೆಯವನಷ್ಟೆ. 1938ರಲ್ಲಿ ಅಮೆರಿಕೆಯೂ ಮರುವರ್ಷ ಸೇಂಟ್ ಆಂಡ್ರೂಸೂ 14ಕ್ಕೆ ಮಿತಿ ಹಾಕಿದವು. ಆ ಎಣಿಕೆಯೇ ಇಂದಿಗೂ ನಿಂತಿದೆ.