ಗೋಡೆಗೆ ತೂಗಿದ ಹಲಗಿ

ಕರ್ಜಗಿಯಿಂದ ಹಾವೇರಿಗೆ ಬಂದು ಪುಣೆ–ಬೆಂಗಳೂರು ಹೆದ್ದಾರಿ ಹಿಡಿದರೆ, ಹಳ್ಳಿಯ ವೇಷ ತೊಟ್ಟ ಹೊಟೇಲುಗಳು ಸಿಗುತ್ತವೆ. ಬಾಗಿಲಲ್ಲಿ ಬಂಡಿಯ ಗಾಲಿ, ಅಂಗಳದಲ್ಲಿ ಒರಳು, ಬೀಸುಕಲ್ಲು, ಮೂಲೆಯಲ್ಲಿ ಬಾರಕೋಲು ಹಿಡಿದ ಸಿಮೆಂಟಿನ ರೈತ. ಅಂಥ ಒಂದು ಹೊಟೇಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ತಲೆ ಎತ್ತಿದರೆ ಗೋಡೆಗೆ ಒಂದು ಹಲಗಿ ತೂಗಿಬಿಟ್ಟಿದ್ದರು. ಕೆಳಗೆ ‘ಜಾನಪದ ವಾದ್ಯ’ ಎಂಬ ಚೀಟಿ. ಮಾಡಿದವರ ಹೆಸರಿಲ್ಲ, ಬಾರಿಸಿದವರ ಹೆಸರಿಲ್ಲ.

ನಮ್ಮಪ್ಪ ಹಲಗಿ ಬಾರಿಸುತ್ತಿದ್ದ. ಕಾರಹುಣ್ಣಿಮೆಗೆ ಎತ್ತು ಬಿಡುವಾಗ, ಹೆಣ ಎತ್ತುವಾಗ, ಊರಾಗ ಡಂಗುರ ಸಾರುವಾಗ ಅಂವ ಬೇಕು. ಬಾರಿಸೋ ಮುಂದ ಒಂದಿಷ್ಟು ಸೊಪ್ಪಿ ಉರಿ ಹಾಕಿ ತೊಗಲು ಬಿಗಿಯಾಗೋತನಕ ಕಾಸುತ್ತಿದ್ದ. “ಕಾಸದ ಹಲಗಿ ಎಲ್ಲಿ ನುಡೀತೈತೋ ಮಗನ” ಅನ್ನುತ್ತಿದ್ದ. ಹೊಟೇಲಿನ ಹಲಗಿಯ ತೊಗಲು ಸಡಿಲಾಗಿತ್ತು. ಅದಕ್ಕೆ ಎಂದೂ ಬೆಂಕಿ ತೋರಿಸಿರಲಿಲ್ಲ.

ಈ ಮಾತನ್ನು ಇಲ್ಲಿ ಯಾಕೆ ಎತ್ತಬೇಕಾಯಿತೆಂದರೆ, ಹೊಟೇಲಿಗೂ ನಮಗೂ ಒಂದು ಚರಿತ್ರೆ ಇದೆ. ಗೋಡೆಯ ಮೇಲಿನ ಕಲೆಯನ್ನು ಆ ಚರಿತ್ರೆಯಿಂದ ಬಿಡಿಸಿ ನೋಡಲಿಕ್ಕೆ ಬರುವುದಿಲ್ಲ.

ಕರ್ಜಗಿ ಬ್ರಿಟಿಷರ ಕಾಲದಲ್ಲಿ ಧಾರವಾಡ ಜಿಲ್ಲೆಯ ಒಂದು ತಾಲೂಕಿನ ಹೆಸರು. ಹಾವೇರಿಯೂ ಆಗ ಅದರೊಳಗೇ ಇತ್ತು. 1956ರವರೆಗೆ ಈ ಸೀಮೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಹರಿಜನರ ಸಾಮಾಜಿಕ ಅನರ್ಹತೆಗಳನ್ನು ತೆಗೆದುಹಾಕುವ 1946ರ ಮುಂಬಯಿ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. 1950ರಲ್ಲಿ ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 15ನೇ ವಿಧಿ ಅಂಗಡಿ, ಹೊಟೇಲುಗಳನ್ನು ಹೆಸರು ಹಿಡಿದು ಹೇಳಿ ಅಲ್ಲಿ ಯಾರನ್ನೂ ತಡೆಯಬಾರದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಟೇಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅಪರಾಧವೆಂದಿತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೆಂಬ ಹೆಸರು ಪಡೆಯಿತು. ಒಂದು ದೇಶದ ಕಾನೂನು ಚಹಾದ ಕಪ್ಪಿನವರೆಗೆ ಇಳಿದು ಬರಬೇಕಾಯಿತು ಎಂದರೆ, ಆ ಕಪ್ಪಿನೊಳಗೆ ಎಷ್ಟು ವಿಷ ಇದ್ದಿರಬೇಕು!

ಕಾನೂನು ಬಂದ ಮೇಲೂ ಕಪ್ಪು ಬದಲಾಗಲಿಲ್ಲ. 1970ರ ದಶಕದಲ್ಲಿ ನಾನು ಕನ್ನಡ ಸಾಲಿಗೆ ಹೋಗುತ್ತಿದ್ದಾಗ ಅಪ್ಪನ ಬೆನ್ನು ಹತ್ತಿ ಸಂತಿಗೆ ಹೋಗುತ್ತಿದ್ದೆ. ಚಾದಂಗಡಿಯ ಹೊರಗೆ ಬೇಲಿಗೆ ಸಿಗಿಸಿದ ಕಿವಿ ಮುರಿದ ಕಪ್ಪನ್ನು ಅಪ್ಪ ತಾನೇ ತಕ್ಕೊಂಡು, ತಾನೇ ತೊಳೆದು ಹಿಡಿಯುತ್ತಿದ್ದ. ಮಾಲಕ ಮೇಲಿಂದ ಸುರಿಯುತ್ತಿದ್ದ. ಕುಡಿದ ಮೇಲೆ ಮತ್ತೆ ತೊಳೆದು ಬೇಲಿಗೆ ಸಿಗಿಸಬೇಕು. ಜಾತ್ರಿಯಲ್ಲಿ ಅದೇ ಮಾಲಕ ಅಪ್ಪನ ಹಲಗಿಗೆ ಕುಣಿಯುತ್ತಿದ್ದ. ನಾದಕ್ಕೆ ಮೈಲಿಗೆ ಇಲ್ಲ, ಬಾರಿಸುವ ಕೈಗೆ ಮಾತ್ರ ಮೈಲಿಗೆ.

ಇನ್ನು ನಮ್ಮ ಸೀಮೆಯ ಶಿಲ್ಪದ ಮಾತು. ಹಾವೇರಿಯ ಸಿದ್ಧೇಶ್ವರ, ವರದಾ–ತುಂಗಭದ್ರಾ ಕೂಡುವಲ್ಲಿಯ ಗಳಗನಾಥ, ಚೌಡಯ್ಯದಾನಪುರದ ಮುಕ್ತೇಶ್ವರ—ಈ ಗುಡಿಗಳ ಕುಸುರಿಯ ಬಗ್ಗೆ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಕಲ್ಲು ಹೊತ್ತವರು, ಆ ಕಲ್ಲನ್ನು ಎಳೆದ ಎತ್ತಿನ ಮಿಣಿ ಹೊಸೆದವರು ಆ ಬರಹಗಳಲ್ಲಿ ಬರುವುದು ಅಪರೂಪ. ಗುಡಿಯ ಗೋಡೆಯ ಮೇಲೆ ದೇವರು, ರಾಜರು, ನರ್ತಕಿಯರು ಇದ್ದಾರೆ. ಕೆರ ಹೊಲಿಯುವವನನ್ನು ಅಲ್ಲಿ ಹುಡುಕಿ ಸೋಲಬೇಕು.

ಈ ಹಿನ್ನೆಲೆಯಲ್ಲಿ ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಮುಖ್ಯವಾಗುತ್ತದೆ. ಕಲಾವಿದ, ದೊಡ್ಡಾಟದ ಪರಿಣತ ಟಿ.ಬಿ. ಸೊಲಬಕ್ಕನವರ ಅದನ್ನು ರೂಪಿಸಿದರು. 2020ರಲ್ಲಿ ಅವರು ತೀರಿಕೊಂಡರು. ಗುಡಿಯ ಗೋಡೆ ಬಿಟ್ಟುಕೊಟ್ಟ ದುಡಿಯುವ ಜನರನ್ನು ಅವರು ಸಿಮೆಂಟಿನಲ್ಲಿ, ಆಳೆತ್ತರದಲ್ಲಿ, ಅಂಗಳದ ನಡುವೆ ನಿಲ್ಲಿಸಿದರು. ಇದು ಸಣ್ಣ ಕೆಲಸವಲ್ಲ. ಹೆದ್ದಾರಿಯ ಹೊಟೇಲುಗಳ ಅಗ್ಗದ ಅಲಂಕಾರವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ಎರಡರ ಮುಂದೆಯೂ ಇಡಬೇಕಾದ ಪ್ರಶ್ನೆ ಒಂದಿದೆ. ಹಳ್ಳಿಯನ್ನು ತೋರಿಸುವಾಗ ಊರಿಗೂ ಕೇರಿಗೂ ನಡುವಿನ ಅಂತರವನ್ನು ಹೇಗೆ ತೋರಿಸುತ್ತೀರಿ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯ ಮೇಲಿನ ಭಾವುಕ ಮೋಹವನ್ನು ಕಟುವಾಗಿ ಟೀಕಿಸಿದರು. ಅನೇಕರಿಗೆ ಸಿಟ್ಟು ಬಂತು. ಅವರು ನೋಡಿದ ಹಳ್ಳಿಗೂ ಸಿಟ್ಟಾದವರ ಹಳ್ಳಿಗೂ ನಡುವೆ ಒಂದು ಬೇಲಿ ಇತ್ತು, ಅಷ್ಟೇ. ಇಂದು ಪೇಟೆಯ ಮಂದಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವ ಹೊಟೇಲಿನ ಹಳ್ಳಿಯಲ್ಲಿ ಎಲ್ಲ ಕಸುಬಿನವರೂ ಒಂದೇ ಅಂಗಳದಲ್ಲಿ ನಗುತ್ತ ನಿಂತಿದ್ದಾರೆ. ಹಾಗೆ ನಿಂತ ದಿನ ನಮ್ಮೂರಾಗ ಯಾವಾಗ ಬಂದಿತ್ತು?

ಕಸುಬಿನ ಸಾಮಾನು ತೋರಿಸಿ ಕಸುಬಿನ ಸಂಬಂಧವನ್ನು ಮುಚ್ಚಿಟ್ಟರೆ ಅಸ್ಪೃಶ್ಯತೆ ಅಲಂಕಾರವಾಗುತ್ತದೆ. ಮಿಣಿ, ಕೆರ, ಕಪಿಲಿಯ ತೊಗಲಚೀಲ, ಹಲಗಿ—ಇವು ನಮ್ಮವರ ಜಾಣ್ಮೆಯ ಗುರುತು ಹೌದು. ಸತ್ತ ದನ ಹೊರಿಸಿ, ವರ್ಷಕ್ಕೊಮ್ಮೆ ಕಣದಾಗ ಕಾಳು ಸುರಿದು ದುಡಿಸಿಕೊಂಡ ವ್ಯವಸ್ಥೆಯ ದಾಖಲೆಯೂ ಹೌದು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ದಲಿತ ವಿಮರ್ಶೆಗೆ ಇರಬೇಕು. ಬರೀ ಅವಮಾನ ಹೇಳಿದರೆ ಅಪ್ಪನ ಬೆರಳಿನ ವಿದ್ಯೆ ಕಾಣೆಯಾಗುತ್ತದೆ. ಬರೀ ಕಲೆ ಹೇಳಿದರೆ ಬೇಲಿಯ ಕಪ್ಪು ಕಾಣೆಯಾಗುತ್ತದೆ.

ಗೋಡೆಯಿಂದ ಹಲಗಿ ಇಳಿಸಿರಿ ಎಂದು ನಾನು ಕೇಳುವುದಿಲ್ಲ. ಕೇರಿಯ ಹುಡುಗಿಯೊಬ್ಬಳು ನಾಳೆ ಅದೇ ಹೊಟೇಲಿಗೆ ಬಂದು, ತನ್ನ ದುಡ್ಡು ಕೊಟ್ಟು, ಒಳಗೆ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತ ತಲೆ ಎತ್ತಿ ನೋಡುತ್ತಾಳೆ. ಅವಳಿಗೆ ಅಲ್ಲಿ ಹಲಗಿ ಮಾಡಿದವನ ಹೆಸರು ಕಾಣಲಿ. ಅದರ ಪಕ್ಕದಲ್ಲೇ ಒಂದು ಮೊಳೆ ಹೊಡೆದು ಕಿವಿ ಮುರಿದ ಆ ಕಪ್ಪನ್ನೂ ತೂಗುಹಾಕಲಿ. ನೋಡಿದವರು ಇದೇನೆಂದು ಕೇಳಲಿ. ಹೇಳಲಿಕ್ಕೆ ನಾವಿದ್ದೇವೆ.