ಮಹಾಜನ್ ವರದಿ ಮತ್ತು ಚಂದ್ರಗಿರಿಯ ಉತ್ತರದ ನಾವು

ತಲಪಾಡಿ ದಾಟಿ ಮಂಗಳೂರಿಗೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಆ ಗಡಿ ಯಾವಾಗ ಬಂತೆಂದು ಗೊತ್ತಿಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಅಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮಂಗಳೂರೇ ಜಿಲ್ಲಾ ಕೇಂದ್ರ. ಆ ದಿನ ಮಂಗಳೂರು ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಹೋಯಿತು. ಮಂಜೇಶ್ವರ, ಉಪ್ಪಳ, ಕುಂಬಳೆಯ ಬ್ಯಾರಿ ಮನೆಗಳಿಗೆ ನೆಂಟಸ್ತಿಕೆ, ವ್ಯಾಪಾರ, ಆಸ್ಪತ್ರೆ ಎಲ್ಲವೂ ಬೇರೆ ರಾಜ್ಯದಲ್ಲಿ ಎಂದಾಯಿತು.

ಇದನ್ನು ಸರಿಪಡಿಸಲು ಹೊರಟವರು ಬರೀ ಕನಸು ಕಂಡವರಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಊರೂರು ತಿರುಗಿ ಹೋರಾಟ ಕಟ್ಟಿದರು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿ ಮತ್ತು 1967ರಲ್ಲಿ ಮಹಾಬಲ ಭಂಡಾರಿ ಗೆದ್ದರು. ನಮ್ಮವರಲ್ಲಿ ಎಲ್ಲರ ಅಭಿಪ್ರಾಯವೂ ಒಂದೇ ಆಗಿರಲಿಲ್ಲ ನಿಜ. ಆದರೆ ಮತಪೆಟ್ಟಿಗೆ ಹೇಳಿದ್ದು ಸ್ಪಷ್ಟವಾಗಿತ್ತು.

1966ರಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವನ್ನು ನೇಮಿಸಿತು. 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂದಿತು. ಬಯಸಿದ್ದು ಕಾಗದದಲ್ಲಿ ಬಂದೇ ಬಂತು!

ಆದರೆ ಅದೇ ವರದಿ ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಎಂದೂ ಹೇಳಿತ್ತು. ಆಯೋಗ ಬೇಕೆಂದು ಹಟ ಹಿಡಿದಿದ್ದ ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಕೇರಳವೂ ಒಪ್ಪಲಿಲ್ಲ. ಕರ್ನಾಟಕ ಇಡೀ ವರದಿ ಜಾರಿಯಾಗಲಿ ಎಂದಿತು. ಹೀಗೆ ನಮ್ಮ ಗಂಟು ಎಲ್ಲೋ ದೂರದ ಬೆಳಗಾವಿಯ ಗಂಟಿಗೆ ಬಿದ್ದು ಬಿಚ್ಚದೆ ಉಳಿಯಿತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಅಳತೆ ಎಷ್ಟೇ ಸರಿಯಿದ್ದರೂ ವರ್ಕ್‌ಶಾಪಿಗೆ ಹೋಗದ ಡ್ರಾಯಿಂಗಿನಿಂದ ಒಂದು ಬೋಲ್ಟೂ ಆಗುವುದಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಜಿಲ್ಲೆಯಾಯಿತು. ಕಯ್ಯಾರರು 2015ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ವರದಿ ಹಾಗೆಯೇ ಇತ್ತು.

ನನ್ನ ಉಪ್ಪನ ಅಂಗಡಿಗೆ ಸಾಮಾನು ಬರುತ್ತಿದ್ದುದು ಮಂಗಳೂರಿನ ಬಂದರಿನಿಂದ. ಉಪ್ಪನಿಗೆ ಗಡಿ ಎಂದರೆ ತೆರಿಗೆಯ ಚೆಕ್‌ಪೋಸ್ಟ್, ಬಿಲ್ಲು, ಕಾಯುವ ಟೆಂಪೊ. 2017ರಲ್ಲಿ ಜಿಎಸ್‌ಟಿ ಬಂದು ಆ ಚೆಕ್‌ಪೋಸ್ಟ್ ಹೋದಾಗ, ಇನ್ನು ಗಡಿ ನಕ್ಷೆಯಲ್ಲಿ ಮಾತ್ರ ಎಂದು ವ್ಯಾಪಾರಿಗಳೆಲ್ಲ ಸಮಾಧಾನಪಟ್ಟರು.

ಮೂರು ವರ್ಷವೂ ಆಗಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಿಂದ ಆಂಬುಲೆನ್ಸ್‌ಗಳು ಹಿಂದಿರುಗಿದವು. ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ಪ್ರಾಣ ಬಿಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿಯಾಯಿತು. ಯಾವ ರಾಜ್ಯಕ್ಕೆ ಸೇರಬೇಕೆಂದು ಹಿರಿಯರು ಅಷ್ಟು ವರ್ಷ ಬೇಡಿದರೋ, ಬಾಗಿಲು ಹಾಕಿದ್ದು ಅದೇ ರಾಜ್ಯ.

ಹಿರಿಯರ ಲೆಕ್ಕ ತಪ್ಪಿರಲಿಲ್ಲ. ತೀರ್ಮಾನ ಮಾತ್ರ ಅವರ ಕೈಯಲ್ಲಿರಲಿಲ್ಲ. ಇಂದು ಗೆರೆ ಸರಿಯುತ್ತದೆ ಎಂದು ನಂಬಿ ಮನೆಯ ಯೋಜನೆ ಹಾಕುವವರು ನಮ್ಮಲ್ಲಿ ಬಹುಶಃ ಯಾರೂ ಇಲ್ಲ. ಹಾಗೆಂದು ಕೇಳುವುದನ್ನು ಬಿಡಬೇಕಾಗಿಲ್ಲ. ನಮ್ಮ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಜಿಲ್ಲೆಯೊಳಗೇ ಒಳ್ಳೆಯ ಆಸ್ಪತ್ರೆ ಬೇಕು. ಗಡಿ ಎಲ್ಲೇ ಇರಲಿ, ಆಂಬುಲೆನ್ಸ್ ನಿಲ್ಲಬಾರದು.